‘ಬಡ್ಡಿ ಪಾಪ’ ಎಂಬ ಮಾತನ್ನು ಒರೆಗೆ ಹಚ್ಚುವುದು ಹೇಗೆ

ನೈತಿಕ ಮಾತನ್ನು ಯಾವ ತಕ್ಕಡಿಯಲ್ಲೂ ತೂಗಲಾಗದು. ಆದರೂ ಅದಕ್ಕೆ ತಕ್ಕ ಆಧಾರವಿದೆಯೇ ಎಂದು ಕ್ರೈಸ್ತ ನೀತಿಶಾಸ್ತ್ರದೊಳಗೇ ಪರೀಕ್ಷಿಸಬಹುದು. ‘ಬಡ್ಡಿ ತೆಗೆದುಕೊಳ್ಳುವುದು ಪಾಪ’ ಎಂಬುದನ್ನೇ ಹಿಡಿದು ನೋಡೋಣ.

ಮೊದಲು ಮಾತನ್ನು ಬಿಡಿಸಿ ಬರೆಯಿರಿ: ಸಾಲ ಯಾರಿಗೆ, ಯಾತಕ್ಕೆ, ಬಡ್ಡಿ ಎಷ್ಟು? ಆಸ್ಪತ್ರೆ ಖರ್ಚಿಗೆ ಪಡೆದ ಕೈಸಾಲ ಬೇರೆ, ಅಂಗಡಿ ಹಾಕಲು ಪಡೆದ ಬ್ಯಾಂಕ್ ಸಾಲ ಬೇರೆ. ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ.

ಆಮೇಲೆ ಬೈಬಲಿನ ವಚನಗಳನ್ನು ಒಟ್ಟಿಗೆ ಓದಿ. ವಿಮೋಚನಕಾಂಡ 22:25, ಯಾಜಕಕಾಂಡ 25:35–37 ಎರಡೂ ಬಡತನಕ್ಕೆ ಬಿದ್ದವನ ಕುರಿತಾಗಿವೆ. ಧರ್ಮೋಪದೇಶಕಾಂಡ 23:20 ಪರದೇಶಿಯಿಂದ ಬಡ್ಡಿ ಪಡೆಯಲು ಬಿಡುತ್ತದೆ. ಮತ್ತಾಯ 25:27ರಲ್ಲಿ ಯಜಮಾನನೇ ಬಡ್ಡಿ ಕೇಳುತ್ತಾನೆ. ಆದರೆ ಅದು ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತಕಥೆ. ಸಾಮ್ಯದ ಪಾತ್ರದ ಮಾತನ್ನು ಆಜ್ಞೆಯಾಗಿ ಓದಿ ಹಲವರು ದಾರಿ ತಪ್ಪುತ್ತಾರೆ.

ಮೂರನೆಯದು ಚರ್ಚಿನ ಪರಂಪರೆ. 325ರಲ್ಲಿ ಬಿಷಪರು ಸೇರಿದ ನೈಸಿಯಾ ಮಹಾಸಭೆ ಬಡ್ಡಿಯನ್ನು ನಿಷೇಧಿಸಿದ್ದು ಯಾಜಕವರ್ಗಕ್ಕೆ. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಕುಖ್ಯಾತ ಬಡ್ಡಿವ್ಯಾಪಾರಿಗಳಿಗೆ ಪರಮಪ್ರಸಾದವನ್ನೂ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತು. 1745ರಲ್ಲಿ ಪೋಪ್ 14ನೆಯ ಬೆನೆಡಿಕ್ಟ್, ಸಾಲ ಕೊಟ್ಟೆನೆಂಬ ಒಂದೇ ಕಾರಣಕ್ಕೆ ಲಾಭ ಕೇಳುವುದು ತಪ್ಪು, ಸಾಲಕ್ಕೆ ಹೊರತಾದ ನ್ಯಾಯವಾದ ಕಾರಣವಿದ್ದರೆ ಹೆಚ್ಚು ಪಡೆಯಬಹುದು ಎಂದರು. ತೀರ್ಪಿಗಿಂತ ಅದರ ಹಿಂದಿನ ಕಾರಣವನ್ನು ಹುಡುಕಿ.

ನಿಜವಾದ ಕೆಲಸ ಇರುವುದು ಇಲ್ಲೇ. ಹಣವನ್ನು ಬಳಸುವುದೆಂದರೆ ಖರ್ಚು ಮಾಡುವುದು, ಆದ್ದರಿಂದ ಹಣಕ್ಕೂ ಅದರ ಬಳಕೆಗೂ ಬೇರೆಬೇರೆ ಬೆಲೆ ಕೇಳುವುದು ಅನ್ಯಾಯ ಎಂದು ಮಧ್ಯಯುಗದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಾದಿಸಿದರು. ಇದರಲ್ಲಿ ಎರಡು ಎಳೆಗಳಿವೆ. ‘ಇಲ್ಲದ್ದನ್ನು ಮಾರಬಾರದು’ ಎಂಬುದು ನಿಯಮ. ಅದನ್ನು ದೇವರ ನ್ಯಾಯ, ನೆರೆಯವನ ಪ್ರೀತಿ ಇವುಗಳಿಂದ ಸಮರ್ಥಿಸಬೇಕು. ‘ಹಣ ಬಳಕೆಯಲ್ಲೇ ಮುಗಿದುಹೋಗುತ್ತದೆ’ ಎಂಬುದು ವಸ್ತುಸ್ಥಿತಿಯ ಮಾತು. ಅದನ್ನು ಲೋಕವನ್ನು ನೋಡಿಯೇ ಪರಿಶೀಲಿಸಬಹುದು. ಬಂಡವಾಳವಾದ ಹಣ ದುಡಿಯುತ್ತದೆ ಎಂದಾದರೆ ನಿಯಮ ಉಳಿದೂ ತೀರ್ಪು ಬದಲಾಗುತ್ತದೆ. ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಬಡ್ಡಿಯನ್ನು ಪೂರ್ತಿ ನಿಷೇಧಿಸದೆಯೇ ಬಡವರಿಂದ ಪಡೆಯಬಾರದೆಂದರು.

‘ದೇವರು ಹೇಳಿದ್ದರಿಂದ ಸರಿ’ ಎಂದಷ್ಟಕ್ಕೇ ನಿಲ್ಲಬೇಡಿ. ಹಾಗಾದರೆ ಕ್ರೌರ್ಯದ ಆಜ್ಞೆಯೂ ಸರಿಯಾಗಬೇಕಾದೀತು. ಆಜ್ಞೆ ದೇವರ ಒಳ್ಳೆಯ ಸ್ವಭಾವದಿಂದಲೇ ಹೊರಡುತ್ತದೆ ಎಂಬುದು ಗಟ್ಟಿಯಾದ ಉತ್ತರ.

ಕೊನೆಗೆ ತೀರ್ಪನ್ನು ಷರತ್ತಿನೊಂದಿಗೆ ಬರೆಯಿರಿ. ‘ಎಲ್ಲ ಬಡ್ಡಿಯೂ ಪಾಪ’ ಎಂಬುದು ಈ ಪರೀಕ್ಷೆಯಲ್ಲಿ ನಿಲ್ಲದು. ‘ಕಷ್ಟದಲ್ಲಿರುವವನಿಂದ ಲಾಭ ಹಿಂಡುವುದು ಪಾಪ’ ಎಂಬುದು ನಿಲ್ಲುತ್ತದೆ. ನಮ್ಮೂರಿನ ಮೀಟರ್ ಬಡ್ಡಿಯನ್ನು ಅಳೆಯುವಾಗ ಅಡವಿಟ್ಟದ್ದೇನು ಎಂದೂ ಕೇಳಿ: ಬಡವನ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕೆಂದು ವಿಮೋಚನಕಾಂಡದ ಮುಂದಿನ ವಚನವೇ ಹೇಳುತ್ತದೆ.