ನಮ್ಮ ಬೀದಿಯ ತೆರಿಗೆ ವಲಯವನ್ನು ರದ್ದುಗೊಳಿಸಲು ನಾವು ಸಹಿ ಕೂಡಿಸಿದ ಬಗೆ

ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನ ಪೇಟೆಬೀದಿಯಲ್ಲಿ ನನ್ನ ದಿನಸಿ ಅಂಗಡಿಯಿದೆ. ಕಟ್ಟಡವೂ ನನ್ನದೇ ಆದ್ದರಿಂದ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಕೌಂಟಿಯಿಂದ (ಇಲ್ಲಿಯ ಜಿಲ್ಲಾಡಳಿತದಿಂದ) ಬರುವ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಒಂದು ಹೆಚ್ಚಿನ ಸಾಲು ಇರುತ್ತಿತ್ತು: ನಮ್ಮ ಬೀದಿಯ ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್‌ನ ಶುಲ್ಕ. ರಾಜ್ಯದ 1994ರ ಕಾಯ್ದೆಯಡಿ ರಚನೆಯಾಗುವ ಇಂಥ ವ್ಯಾಪಾರ ಸುಧಾರಣಾ ವಲಯದಲ್ಲಿ ಸಂಗ್ರಹವಾದ ಹಣವನ್ನು ನಗರಾಡಳಿತವು ಮಾಲೀಕರ ಸಂಘವೆಂಬ ಲಾಭರಹಿತ ಸಂಸ್ಥೆಗೆ ಒಪ್ಪಿಸುತ್ತದೆ, ಮತ್ತು ಆ ಸಂಘವು ಬೀದಿಯ ಸ್ವಚ್ಛತೆ, ರಾತ್ರಿ ಕಾವಲು, ಪ್ರಚಾರ ಇತ್ಯಾದಿಗಳನ್ನು ನಡೆಸಬೇಕು. ನಮ್ಮಲ್ಲಿ ಪ್ರಚಾರದ ಮತ್ತು ಕಚೇರಿಯ ವೆಚ್ಚ ವರ್ಷದಿಂದ ವರ್ಷಕ್ಕೆ ಏರಿತು, ಗುಡಿಸುವವರು ಬರುವ ದಿನಗಳು ಕಡಿಮೆಯಾದವು. ವಲಯದ ಮೊದಲ ಅವಧಿ ಐದು ವರ್ಷವನ್ನು ಮೀರುವಂತಿಲ್ಲ, ಆದರೆ ನವೀಕರಣವಾದರೆ ಹತ್ತು ವರ್ಷದವರೆಗೂ ನಡೆಯಬಹುದು. ನಮ್ಮದು ಹಾಗೆ ನವೀಕರಣಗೊಂಡಿದ್ದರಿಂದ, ಅವಧಿ ತಾನಾಗಿ ಮುಗಿಯಲೆಂದು ಕಾಯುವುದು ನಮ್ಮಿಂದ ಆಗದ ಮಾತಾಗಿತ್ತು.

ನಾನು ಮೊದಲು ಮಾಡಿದ ಕೆಲಸವೇ ತಪ್ಪಾಗಿತ್ತು. ಅಂಗಡಿಯಿಂದ ಅಂಗಡಿಗೆ ಹೋಗಿ, ವಲಯವನ್ನು ರದ್ದುಗೊಳಿಸುವ ಅರ್ಜಿಗೆ ಒಪ್ಪಿದವರೆಲ್ಲರ ಸಹಿ ಪಡೆದು, ಬೀದಿಯ ಬಹುಪಾಲು ವ್ಯಾಪಾರಿಗಳು ನಮ್ಮೊಂದಿಗಿದ್ದಾರೆಂಬ ಧೈರ್ಯದಿಂದ ನಗರದ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತೆ ಬಹಳ ತಾಳ್ಮೆಯಿಂದ ವಿವರಿಸಿದರು: ನಮ್ಮದು ಆಸ್ತಿಯ ಮೇಲೆ ಶುಲ್ಕ ಹಾಕುವ ವಲಯವಾದ್ದರಿಂದ ಬಾಡಿಗೆದಾರರ ಸಹಿಗೆ ಬೆಲೆಯಿಲ್ಲ, ಮಾಲೀಕರ ಸಹಿಯನ್ನೂ ತಲೆಯೆಣಿಕೆಯಿಂದ ನೋಡುವುದಿಲ್ಲ, ಒಟ್ಟು ಶುಲ್ಕದಲ್ಲಿ ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಪಾಲು ಕೊಡುವ ಮಾಲೀಕರು ಸಹಿ ಹಾಕಿರಬೇಕು. ನನಗೆ ಇಂದಿಗೂ ನೋವಾಗುವುದು ಇಲ್ಲಿಯೇ. ನಮ್ಮ ಬೀದಿಯ ಬಹುತೇಕ ಗುತ್ತಿಗೆಗಳು ಟ್ರಿಪಲ್ ನೆಟ್ ಪದ್ಧತಿಯವು, ಅಂದರೆ ಬಾಡಿಗೆಯ ಜೊತೆಗೆ ಆಸ್ತಿ ತೆರಿಗೆ, ವಿಮೆ ಮತ್ತು ದುರಸ್ತಿಯ ಖರ್ಚೂ ಬಾಡಿಗೆದಾರರದೇ. ಕ್ಷೌರದಂಗಡಿಯವರು, ದರ್ಜಿಯವರು ತಮ್ಮ ದುಡಿಮೆಯಿಂದ ಈ ಶುಲ್ಕವನ್ನು ಕಟ್ಟುತ್ತಿದ್ದರೂ ಅರ್ಜಿಯಲ್ಲಿ ಅವರಿಗೆ ಜಾಗವಿರಲಿಲ್ಲ.

ಆದ್ದರಿಂದ ಎರಡನೆಯ ಸಲ ಲೆಕ್ಕದಿಂದ ಆರಂಭಿಸಿದೆವು. ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಪ್ರತಿ ನಿವೇಶನದ ಶುಲ್ಕದ ಪಟ್ಟಿಯನ್ನು ಕೇಳಿ ಪಡೆದೆವು. ಮಾಲೀಕರ ಸಂಘವೂ ಅದೇ ಕಾನೂನಿಗೆ ಒಳಪಡುವುದರಿಂದ ಅದರ ವಾರ್ಷಿಕ ವರದಿ ಮತ್ತು ಖರ್ಚಿನ ವಿವರಗಳೂ ಸಿಕ್ಕವು. ಪಟ್ಟಿಯನ್ನು ದೊಡ್ಡ ಮೊತ್ತದಿಂದ ಚಿಕ್ಕ ಮೊತ್ತಕ್ಕೆ ಜೋಡಿಸಿದಾಗ, ಕೇವಲ ಆರು ಮಾಲೀಕರ ಪಾಲು ಅರ್ಧದ ಹತ್ತಿರ ಬರುವುದು ಕಂಡಿತು. ರಾಜ್ಯದ ಮತದಾರರು ಅಂಗೀಕರಿಸಿದ 1996ರ ಪ್ರೊಪೊಸಿಷನ್ 218 ಎಂಬ ಕಾನೂನಿನ ಪ್ರಕಾರ, ತಮಗೆ ವಿಶೇಷ ಲಾಭವಿಲ್ಲವೆಂದು ತೋರಿಸದ ಹೊರತು ಸರ್ಕಾರಿ ಆಸ್ತಿಗಳಿಗೂ ವಿನಾಯಿತಿ ಇಲ್ಲವಾದ್ದರಿಂದ, ನಗರದ ಪಾರ್ಕಿಂಗ್ ಜಾಗವೂ ಆ ಪಟ್ಟಿಯಲ್ಲಿತ್ತು. ನಗರವು ತಾನಾಗಿ ನಮ್ಮ ಅರ್ಜಿಗೆ ಸಹಿ ಹಾಕುವ ಸಂಭವವಿಲ್ಲದ್ದರಿಂದ ಉಳಿದವರಿಂದಲೇ ಶೇಕಡಾ 50 ಕೂಡಬೇಕಿತ್ತು.

ಕಾಲಮಿತಿಯೂ ಬಿಗಿಯಾದದ್ದು. ವಲಯ ಸ್ಥಾಪನೆಯಾದ ದಿನಾಂಕಕ್ಕೆ ವರ್ಷ ತುಂಬಿದ ಮೇಲೆ, ಅರ್ಜಿ ಕೊಡಲು ಪ್ರತಿ ವರ್ಷ ಕೇವಲ 30 ದಿನಗಳ ಅವಕಾಶವಿರುತ್ತದೆ. ಮೊದಲ ಪ್ರಯತ್ನದಲ್ಲಿ ನಾವು ಶೇಕಡಾ 44ಕ್ಕೆ ನಿಂತೆವು. ಎರಡು ಕಟ್ಟಡಗಳು ಕುಟುಂಬದ ಟ್ರಸ್ಟ್‌ಗಳ ಹೆಸರಿನಲ್ಲಿದ್ದವು, ಮತ್ತು ಸಹಿ ಹಾಕಿದವರಿಗೆ ಅಧಿಕಾರವಿದೆಯೆಂಬ ಪತ್ರಗಳು ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಮುಂದಿನ ವರ್ಷ ಆ ಪತ್ರಗಳನ್ನು ಮೂರು ತಿಂಗಳು ಮುಂಚೆಯೇ ತರಿಸಿಕೊಂಡೆವು. ಬೇರೆ ಊರಿನಲ್ಲಿದ್ದ ಅತಿ ದೊಡ್ಡ ಮಾಲೀಕರ ಮುಂದೆ ನಾನು ಭಾಷಣ ಮಾಡಲಿಲ್ಲ. ವಲಯದ ಯೋಜನೆಯಲ್ಲಿ ಸ್ವಚ್ಛತೆಗೆಂದು ಬರೆದಿದ್ದ ಮೊತ್ತವನ್ನೂ ವರದಿಯಲ್ಲಿ ಖರ್ಚಾದ ಮೊತ್ತವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಅಂದೇ ಸಹಿ ಹಾಕಿದರು.

ಶೇಕಡಾ 50 ತಲುಪಿದರೆ ವಲಯವನ್ನು ರದ್ದುಗೊಳಿಸುವ ಉದ್ದೇಶದ ನಿರ್ಣಯವನ್ನು ಸಿಟಿ ಕೌನ್ಸಿಲ್ ಅಂಗೀಕರಿಸಲೇಬೇಕು. ಅದರಲ್ಲಿ ಕಾರಣ, ವಿಚಾರಣೆಯ ದಿನ ಮತ್ತು ಶುಲ್ಕದ ಹಣದಲ್ಲಿ ಕೊಂಡ ವಸ್ತುಗಳ ವಿಲೇವಾರಿಯ ಪ್ರಸ್ತಾವ ಇರಬೇಕು. ಮಾಲೀಕರಿಗೆ ಅಂಚೆಯಲ್ಲಿ ನೋಟಿಸ್ ಕಳುಹಿಸಿ ಕನಿಷ್ಠ 30 ದಿನಗಳ ಬಳಿಕ, ಆದರೆ ನಿರ್ಣಯವಾದ 60 ದಿನಗಳೊಳಗೆ ಬಹಿರಂಗ ವಿಚಾರಣೆ ನಡೆಯಬೇಕು. ವಿಚಾರಣೆಯ ದಿನ ಕಾಫಿ ಅಂಗಡಿಯ ಹಿರಿಯರೊಬ್ಬರು ಎದ್ದು, ರಾತ್ರಿ ಕೆಲಸ ಮುಗಿಸುವ ಹುಡುಗಿಯರನ್ನು ಕಾರಿನವರೆಗೆ ಬಿಟ್ಟು ಬರುವ ಕಾವಲುಗಾರ ಇನ್ನಿರುವುದಿಲ್ಲವೇ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯಾಗಿತ್ತು, ನಮ್ಮ ಬಳಿ ಆಗ ಉತ್ತರವಿರಲಿಲ್ಲ. ಕೌನ್ಸಿಲ್ ವಲಯವನ್ನು ರದ್ದುಗೊಳಿಸಿತು.

ಸಾಲಗಳೆಲ್ಲ ತೀರಿದ ಮೇಲೆ ಉಳಿದ ಹಣವನ್ನು, ಶುಲ್ಕ ಹಾಕಿದ ಲೆಕ್ಕದಲ್ಲಿಯೇ ಮಾಲೀಕರಿಗೆ ಹಿಂದಿರುಗಿಸಬೇಕೆಂದು ಕಾನೂನು ಹೇಳುತ್ತದೆ. ಅದರಲ್ಲಿ ಬಾಡಿಗೆದಾರರ ಪಾಲು ಅವರಿಗೆ ತಲುಪುವುದು ಗುತ್ತಿಗೆಯ ಷರತ್ತನ್ನು ಅವಲಂಬಿಸಿದೆ. ನನ್ನ ಕಟ್ಟಡದ ಒಂದು ಭಾಗವನ್ನು ಬಾಡಿಗೆಗೆ ಪಡೆದಿರುವ ದರ್ಜಿಯವರಿಗೆ ಅವರ ಪಾಲನ್ನು ಚೆಕ್ ಮೂಲಕ ಕೊಟ್ಟೆ. ಕಾವಲುಗಾರನ ಸಂಬಳವನ್ನು ಈಗ ಒಂಬತ್ತು ಅಂಗಡಿಗಳವರು ತಿಂಗಳ ಮೊದಲ ವಾರ ಹಂಚಿಕೊಂಡು ಕೊಡುತ್ತಿದ್ದೇವೆ. ಕಾಫಿ ಅಂಗಡಿಯ ಹಿರಿಯರೇ ಆ ಲೆಕ್ಕ ಬರೆಯುತ್ತಾರೆ.