ಮೆಕೆಂಜಿ ಎಂಬ ಅಡ್ಡಹೆಸರಿನ ಬೇರು ಹುಡುಕಿದ ಅನುಭವ

ಊರು, ಮನೆತನಗಳ ಚರಿತ್ರೆಯನ್ನು ಹೇಳುವ ಹಳೆಯ ದಾಖಲೆಗಳಾದ ಕೈಫಿಯತ್ತುಗಳ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದಾಗ, ಅವುಗಳನ್ನು ಬರೆಸಿ ಕೂಡಿಟ್ಟ ಸ್ಕಾಟ್ಲೆಂಡಿನ ಕರ್ನಲ್ ಕಾಲಿನ್ ಮೆಕೆಂಜಿಯ ಅಡ್ಡಹೆಸರಿನ ಅರ್ಥವನ್ನು ಒಂದು ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸೋಣವೆಂದುಕೊಂಡಿದ್ದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ನಡೆಸಿ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಈತ ನಮ್ಮ ಪಾಳೆಯಗಾರರ ವಂಶಾವಳಿಗಳನ್ನು ಊರೂರಿನಿಂದ ತರಿಸಿಕೊಂಡವನು. ಅವನ ವಂಶಾವಳಿಯನ್ನು ನಾವು ಕೇಳಿದ್ದು ಕಡಿಮೆ. ಆ ಎರಡು ಸಾಲಿಗಾಗಿ ನಾನು ಎಂಟು ತಿಂಗಳು ಓದಬೇಕಾಯಿತು.

ಮೊದಲು ಹೆಸರನ್ನು ಸ್ಕಾಟ್ಲೆಂಡಿನ ಮಲೆನಾಡಿನ ನುಡಿಯಾದ ಗೇಲಿಕ್‌ನ ರೂಪದಲ್ಲಿ ಬರೆದುಕೊಂಡೆ. 'ಮಾಕ್' ಎಂದರೆ ಮಗ. 'ಕೊಞ್ಯಖ್' ಎಂಬುದು ಚೆಲುವ ಎಂಬರ್ಥದ ಗಂಡು ಹೆಸರು. ಇಂಗ್ಲಿಷಿನಲ್ಲಿ ಅದಕ್ಕೆ ಬದಲಾಗಿ ಕೆನೆತ್ ಎಂದು ಬಳಸುತ್ತಾರೆ. ಷಷ್ಠಿ ವಿಭಕ್ತಿಯಲ್ಲಿ ಅದು 'ಕೊಞ್ಯಿಖ್' ಎಂದಾಗಿ, 'ಮಾಕ್ ಕೊಞ್ಯಿಖ್' ಎಂದರೆ ಕೊಞ್ಯಖನ ಮಗ ಎಂದಾಗುತ್ತದೆ. ಅದೇ ಮನೆತನದ ಹೆಣ್ಣುಮಗಳಾದರೆ ಗೇಲಿಕ್‌ನಲ್ಲಿ ಮಾಕ್ ಎನ್ನುವುದಿಲ್ಲ, 'ನಿಕ್' ಎನ್ನುತ್ತಾರೆ. ಇಂಗ್ಲಿಷ್ ದಾಖಲೆಗಳಲ್ಲಿ ಈ ಭೇದ ಅಳಿಸಿಹೋಗಿ, ಹೆಣ್ಣುಮಕ್ಕಳೂ 'ಮಗ'ನಾಗಿಯೇ ಉಳಿದಿದ್ದಾರೆ.

ಹಾಗಾದರೆ ಇಂಗ್ಲಿಷ್ ಕಾಗುಣಿತದ ಝಡ್ ಎಲ್ಲಿಂದ ಬಂತು? ನನಗೆ ಅತ್ಯಂತ ಸ್ವಾರಸ್ಯವೆನಿಸಿದ್ದು ಇದೇ. ಇಂಗ್ಲಿಷಿಗೆ ಹತ್ತಿರದ, ಸ್ಕಾಟ್ಲೆಂಡಿನ ಇನ್ನೊಂದು ನುಡಿಯಾದ ಸ್ಕಾಟ್ಸ್‌ನ ಹಳೆಯ ಬರಹದಲ್ಲಿ ಮೂರರ ಅಂಕಿಯನ್ನು ಹೋಲುವ 'ಯೋಖ್' ಎಂಬ ಅಕ್ಷರವಿತ್ತು. ಅದು ನಕಾರದ ಮುಂದೆ ಬಂದಾಗ ಉಚ್ಚಾರ ನಮ್ಮ ಞಕಾರಕ್ಕೆ ತೀರ ಹತ್ತಿರವಾಗುತ್ತಿತ್ತು. ಆ ಅಕ್ಷರಕ್ಕೆ ಅಚ್ಚಿನ ಮೊಳೆಯಿಲ್ಲದ ಮುದ್ರಕರು ನೋಡಲು ಅದರಂತೆಯೇ ಇದ್ದ ಬಾಲದ ಝಡ್ ಅನ್ನು ಹಾಕತೊಡಗಿದರು. ಮೆಂಜಿಸ್ ಎಂದು ಬರೆಯುವ ಹೆಸರನ್ನು ಸ್ಕಾಟ್ಲೆಂಡಿನಲ್ಲಿ 'ಮಿಂಗಿಸ್' ಎಂದೂ, ಡಾಲ್ಜೀಲ್ ಎಂದು ಬರೆಯುವುದನ್ನು 'ಡಿಯೆಲ್' ಎಂದೂ ಉಚ್ಚರಿಸುವವರು ಇಂದಿಗೂ ಇದ್ದಾರೆ. ಮೆಕೆಂಜಿಗೆ ಮಾತ್ರ ಆ ಅದೃಷ್ಟವಿರಲಿಲ್ಲ. ಅಚ್ಚಿನಲ್ಲಿ ಕಂಡದ್ದನ್ನೇ ಜನ ಓದುತ್ತಾ ಹೋಗಿ ಹಳೆಯ ಉಚ್ಚಾರ ಮರೆಯಾಯಿತು. ಕನ್ನಡದ ೞ ಮೊದಲು ಬಾಯಲ್ಲಿ ಕಳೆದುಹೋಗಿ ಆಮೇಲೆ ಬರಹದಿಂದ ಹೋದರೆ, ಅಲ್ಲಿ ಬರಹವೇ ಬಾಯನ್ನು ತಿದ್ದಿಬಿಟ್ಟಿತು. ಮೂಲ ಧ್ವನಿಗೆ ಬೇಕಾದ ಅಕ್ಷರ ನಮ್ಮಲ್ಲಿದ್ದೂ ನಾವು ಆ ತಪ್ಪು ಝಡ್ ಅನ್ನೇ ಜಕಾರವಾಗಿಸಿ ಬರೆಯುತ್ತಿದ್ದೇವೆ.

ಮನೆತನದ ಮೂಲಕ್ಕೆ ಬಂದಾಗ ಕೈಫಿಯತ್ತು ಓದಿದ ಅಭ್ಯಾಸ ನೆರವಿಗೆ ಬಂತು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಕಿನ್‌ಟೇಲ್ ಸೀಮೆಯ ಈ ಮನೆತನದ ಮೂಲಪುರುಷ ಐರ್ಲೆಂಡಿನಿಂದ ಬಂದ ಕಾಲಿನ್ ಫಿಟ್ಜ್‌ಜೆರಾಲ್ಡ್ ಎಂಬ ವೀರ, 1263ರ ಲಾರ್ಗ್ಸ್ ಯುದ್ಧದಲ್ಲಿ ಅವನು ತೋರಿದ ಶೌರ್ಯಕ್ಕೆ ಮೆಚ್ಚಿ ಮೂರನೆಯ ಅಲೆಕ್ಸಾಂಡರ್ ದೊರೆ 1266ರಲ್ಲಿ ಕಿನ್‌ಟೇಲನ್ನು ಉಂಬಳಿ ಕೊಟ್ಟ ಎಂಬುದು ಬಹುಕಾಲ ನಂಬಿಕೊಂಡು ಬಂದ ಕಥೆ. ದೂರದೇಶದ ರಾಜಕುಲ, ಯುದ್ಧ, ದೊರೆಯ ಮೆಚ್ಚುಗೆ, ಉಂಬಳಿಯ ಸನ್ನದು: ಪಾಳೆಯಗಾರರ ಕೈಫಿಯತ್ತು ಓದಿದವರಿಗೆ ಈ ವರಸೆ ಹೊಸದಲ್ಲ. ಆ ಸನ್ನದನ್ನು ಈಗಿನ ಇತಿಹಾಸಕಾರರು ನಂಬುವುದಿಲ್ಲ. ಎಡಿನ್‌ಬರೋದಲ್ಲಿರುವ, 1467ರದೆಂದು ಹೆಸರಾದ ಗೇಲಿಕ್ ಹಸ್ತಪ್ರತಿಯ ವಂಶಾವಳಿ ಇದೇ ಮನೆತನವನ್ನು ಗಿಲ್ಲೋಯಿನ್ ಎಂಬ ಸ್ಥಳೀಯನಿಗೆ ಜೋಡಿಸುತ್ತದೆ. 19ನೆಯ ಶತಮಾನದಲ್ಲಿ ಇತಿಹಾಸಕಾರ ವಿಲಿಯಂ ಸ್ಕೀನ್ ಈ ಎರಡನೆಯ ಪಕ್ಷವನ್ನು ಎತ್ತಿಹಿಡಿದರು. ನನಗೂ ಅದೇ ಒಪ್ಪಿಗೆಯಾಯಿತು.

ನಾನು ಎಡವಿದ್ದು ಇಲ್ಲಿಯಲ್ಲ, ಮುಂದೆ. ಕಾಲಿನ್ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೆ ಎಂಬ ಬಂದರು ಪಟ್ಟಣದಲ್ಲಿ. ತಂದೆಯ ಹೆಸರು ಮರ್ಡೊಕ್ ಮೆಕೆಂಜಿ. ಸ್ಕಾಟ್ಲೆಂಡಿನ ಉತ್ತರದ ಓರ್ಕ್ನಿ ದ್ವೀಪಗಳ ಸಮುದ್ರವನ್ನು ಅಳೆದು 1750ರಲ್ಲಿ ನಕ್ಷೆಗಳನ್ನು ಪ್ರಕಟಿಸಿದ ಮರ್ಡೊಕ್ ಮೆಕೆಂಜಿಯೇ ಈತ ಎಂದು ಭಾವಿಸಿ, ಮೋಜಣಿಯ ಕಸುಬು ಅಪ್ಪನಿಂದ ಮಗನಿಗೆ ಬಂತು ಎಂದು ಒಂದು ಪುಟ ಬರೆದೇಬಿಟ್ಟಿದ್ದೆ. ಓರ್ಕ್ನಿಯವನು ಬೇರೆಯವನು, ಅವನ ಸೋದರಸಂಬಂಧದ ಮಗನೊಬ್ಬನೂ ಅದೇ ಹೆಸರಿನ, ಅದೇ ಕಸುಬಿನವನು ಎಂದು ತಿಳಿದ ದಿನ ಆ ಪುಟವನ್ನು ಹರಿದು ಹಾಕಿದೆ. ಸ್ಟಾರ್ನೊವೆಯ ಮರ್ಡೊಕ್ ವ್ಯಾಪಾರಿ. ಮಗನೂ 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿ ಭಾರತಕ್ಕೆ ಬರುವ ಮೊದಲು ಆ ಊರಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದವನು.

ಅಲ್ಲಿಂದ ಮುಂದೆ ಅವನನ್ನು ಕಿನ್‌ಟೇಲಿನ ಒಡೆಯರಿಗೆ ಜೋಡಿಸುವ ಆಸೆಯನ್ನೂ ಬಿಟ್ಟೆ. ಲೂಯಿಸ್ ದ್ವೀಪ ಆ ಒಡೆಯರ ಕೈಗೆ ಬಂದದ್ದು 1610ರಲ್ಲಿ; 1623ರಲ್ಲಿ ಅವರಿಗೆ ಸೀಫೋರ್ತ್‌ನ ಅರ್ಲ್ ಪದವಿ ದೊರೆಯಿತು. ಸ್ಕಾಟ್ಲೆಂಡಿನ ಮಲೆನಾಡಿನಲ್ಲಿ ಒಡೆಯನ ಹೆಸರನ್ನು ಅವನ ಆಶ್ರಯದಲ್ಲಿದ್ದ ಒಕ್ಕಲುಗಳೂ ಇಟ್ಟುಕೊಳ್ಳುತ್ತಿದ್ದುದರಿಂದ, ಒಂದೇ ಅಡ್ಡಹೆಸರು ಒಂದೇ ರಕ್ತದ ಗುರುತಾಗುವುದಿಲ್ಲ. ಸರ್ಕಾರಿ ಜನನ ನೋಂದಣಿ ಅಲ್ಲಿ ಆರಂಭವಾದದ್ದು 1855ರಲ್ಲಿ; ಅದಕ್ಕೂ ಒಂದು ಶತಮಾನ ಹಿಂದಿನವನಿಗೆ ಚರ್ಚಿನ ಪುಸ್ತಕ, ಬಾಡಿಗೆ ಪಟ್ಟಿ, ಉಯಿಲುಗಳೇ ಗತಿ. ಕೊನೆಗೆ ಅಡಿಟಿಪ್ಪಣಿಯಲ್ಲಿ ನಾನು ಬರೆದದ್ದು ಇಷ್ಟು: 'ಮೆಕೆಂಜಿ: ಕೊಞ್ಯಖನ ಮಗ, ಝಡ್ ಅಚ್ಚಿನವರದು, ತಂದೆ ಸ್ಟಾರ್ನೊವೆಯ ವ್ಯಾಪಾರಿ ಮರ್ಡೊಕ್.'