ಸತ್ತವರನ್ನು ಬಿಟ್ಟು ವಾರಸುದಾರನನ್ನು ಹಿಡಿದೆ

ಹೋದ ತಿಂಗಳು ನನ್ನ ಹೆಂಡತಿಯ ಸೋದರತ್ತೆ ತಮ್ಮ ಮನೆತನದ ಫಾಕಪಾಪ, ಅಂದರೆ ವಂಶಾವಳಿಯ ಪುಸ್ತಕವನ್ನು ಕಪಾಟಿನಿಂದ ಇಳಿಸಿ, ವಿರೆಮು ಅಜ್ಜನ ಮೇಲಿನ ಖಾಲಿ ಗೆರೆಯಲ್ಲಿ ಆ ಅಜ್ಜನ ತಂದೆಯ ಹೆಸರನ್ನು ಶಾಯಿಯಲ್ಲಿ ಬರೆದರು. ಅತ್ತೆಗೆ ನೆನಪಿರುವ ಕಾಲದಿಂದಲೂ ಆ ಗೆರೆ ಖಾಲಿಯಾಗಿಯೇ ಇತ್ತು. ಅದನ್ನು ತುಂಬಲು ನನಗೆ ಸುಮಾರು ಐದು ವರ್ಷ ಹಿಡಿಯಿತು. ಸತ್ತವರ ಪರವಾಗಿ ಮಾಡಿಸುವ ಸಂಸ್ಕಾರಗಳ ದಾಖಲೆ ಹಿಡಿದು ಹೋದರೆ ಏನೂ ಸಿಗುವುದಿಲ್ಲ ಎಂದು ನಾನು ಆ ದಾರಿ ಹಿಡಿದ ಮೊದಲ ದಿನದಿಂದ ಹೇಳಿದವರು ಮೂವರಿದ್ದರು. ಅವರಲ್ಲಿ ಇಬ್ಬರು ವಂಶಾವಳಿ ಹುಡುಕುವುದರಲ್ಲಿ ನನಗಿಂತ ಪಳಗಿದವರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾವೇರಿ ಕಡೆಯವನು. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ನೆಲೆಸಿ ಹದಿನೆಂಟು ವರ್ಷವಾಯಿತು. ಹೆಂಡತಿ ಹಾಕ್ಸ್ ಬೇ ಕಡೆಯ ಮಾವೋರಿ (ಇಲ್ಲಿನ ಮೂಲನಿವಾಸಿಗಳು) ಮನೆತನದವಳು. 1880ರ ದಶಕದಲ್ಲಿ ಅವರ ಕಡೆ ಅನೇಕ ಕುಟುಂಬಗಳು ಅಮೆರಿಕ ಮೂಲದ ಕ್ರೈಸ್ತ ಪಂಥವಾದ ಮಾರ್ಮನ್ ಸಭೆಗೆ ಸೇರಿದವು, ಇವಳ ಹಿರಿಯರೂ ಸೇರಿದರು. ಆ ಸಭೆಯವರು ಸತ್ತ ಹಿರಿಯರ ಪರವಾಗಿ ದೇವಾಲಯದಲ್ಲಿ ದೀಕ್ಷಾಸ್ನಾನ, ಎಂಡೋಮೆಂಟ್ (ಪ್ರತಿಜ್ಞೆ ಮಾಡುವ ವಿಧಿ), ಸೀಲಿಂಗ್ (ಕುಟುಂಬವನ್ನು ಶಾಶ್ವತವಾಗಿ ಬೆಸೆಯುವ ವಿಧಿ) ಮುಂತಾದ ಸಂಸ್ಕಾರಗಳನ್ನು ಮಾಡಿಸುತ್ತಾರೆ, ಪ್ರತಿಯೊಂದನ್ನೂ ದಾಖಲಿಸುತ್ತಾರೆ. 

ಮೊದಲ ಎರಡು ವರ್ಷ ದುಡ್ಡು ನೀರಾಯಿತು. 1913ಕ್ಕಿಂತ ಮೊದಲು ಮಾವೋರಿ ಜನನ ಮರಣಗಳ ನೋಂದಣಿ ಕಡ್ಡಾಯವಿರಲಿಲ್ಲ. ಅದು ಗೊತ್ತಿದ್ದೂ ಆಸೆಗೆ ಬಿದ್ದು ಹನ್ನೊಂದು ಪ್ರತಿಗಳಿಗೆ ತಲಾ ಇಪ್ಪತ್ತೈದು ಡಾಲರ್ ಆಸುಪಾಸು ಕಟ್ಟಿದೆ. ಎರಡು ಮಾತ್ರ ಕೆಲಸಕ್ಕೆ ಬಂದವು. ಆಮೇಲೆ ನಾಲ್ವರ ಡಿಎನ್ಎ ಪರೀಕ್ಷೆ ಮಾಡಿಸಿದೆ, ಅದಕ್ಕೆ ಐನೂರು ಡಾಲರ್ ಹೋಯಿತು. ಹತ್ತಿರದ ನೆಂಟರೆಂದು ನೂರಾರು ಹೆಸರು ಬಂದವು. ಪಾಲಿನೇಷ್ಯದ ದ್ವೀಪಗಳಲ್ಲಿ ಸಣ್ಣ ಗುಂಪುಗಳು ನೆಲೆಸಿ, ತಮ್ಮೊಳಗೇ ಕೊಟ್ಟು ತಂದು ಬೆಳೆದ ಕಾರಣ ಏಳೆಂಟು ತಲೆಮಾರು ದೂರದವರೂ ಲೆಕ್ಕದಲ್ಲಿ ಮೂರು ತಲೆಮಾರಿನ ದಾಯಾದಿಗಳಂತೆ ಕಾಣುತ್ತಾರೆ. ಅದರ ಮೇಲೆ ಫಾಂಗೈ, ಅಂದರೆ ನೆಂಟರ ಮಗುವನ್ನು ತಮ್ಮ ಮಗುವಾಗಿ ಸಾಕುವ ಪದ್ಧತಿ. ಹವಾಯಿಯಲ್ಲಿ ಅದನ್ನೇ ಹಾನಾಯಿ ಎನ್ನುತ್ತಾರೆ. ರಕ್ತ ಒಂದು ದಾರಿ ಹೇಳಿದರೆ ಮನೆತನ ಇನ್ನೊಂದು ದಾರಿ ಹೇಳುತ್ತದೆ.

ಹೆಸರಿನ ತೊಂದರೆ ಬೇರೆ. ವಿರೆಮು ಎಂದರೆ ವಿಲಿಯಂ, ಹೋನೆ ಎಂದರೆ ಜಾನ್, ಮೆರೆ ಎಂದರೆ ಮೇರಿ. ಒಂದೇ ಕುಲದಲ್ಲಿ ನನಗೆ ಆರು ವಿರೆಮುಗಳು ಸಿಕ್ಕರು. ದೀಕ್ಷೆಗೆ ಮೊದಲಿನ ಹೆಸರು ಬೇರೆಯೇ ಇರುತ್ತದೆ.

ಆಗ ಸಂಸ್ಕಾರದ ದಾಖಲೆಗಳ ಕಡೆ ತಿರುಗಿದೆ. ಪಳಗಿದವರು ನಕ್ಕರು. "ಅದು ಪುರಾವೆಯಲ್ಲ, ಯಾರೋ ನೆಂಟ ಬರೆದುಕೊಟ್ಟ ಚೀಟಿ. ಜನನ ವರ್ಷವನ್ನು ತಲೆಮಾರಿಗೆ ಇಷ್ಟು ಎಂದು ಅಂದಾಜಿನಲ್ಲಿ ಹಾಕಿರುತ್ತಾರೆ" ಎಂದರು. ಅಂದಾಜಿನ ಮಾತು ನಿಜ. 1800, 1825, 1850 ಎಂದು ಏಣಿಯ ಮೆಟ್ಟಿಲಿನಂತೆ ವರ್ಷಗಳು ಬಂದರೆ ನಾನು ಅವುಗಳನ್ನು ಓದುವುದೇ ಇಲ್ಲ. ಆದರೆ ನೆಂಟ ಬರೆದುಕೊಟ್ಟದ್ದು ಎಂಬುದೇ ಅದರ ಬೆಲೆ. ಹಳೆಯ ಕಾರ್ಡುಗಳಲ್ಲಿ ವಾರಸುದಾರ ಎಂಬ ಒಂದು ಸಾಲು ಇದೆ: ಸಂಸ್ಕಾರ ಮಾಡಿಸಿದವರು ಯಾರು, ಸತ್ತವರಿಗೆ ಅವರು ಏನಾಗಬೇಕು. ಸತ್ತವರ ವಿವರ ಅಂದಾಜಿನದ್ದು, ವಾರಸುದಾರ ಮಾತ್ರ ಆ ದಿನ ಬದುಕಿದ್ದ ಮನುಷ್ಯ. ನಾನು ಸತ್ತವರನ್ನು ಬಿಟ್ಟು ಅವರನ್ನು ಹಿಡಿದೆ.

ಈ ಕಾರ್ಡುಗಳು ಸಭೆಯ ಸದಸ್ಯರಿಗಷ್ಟೇ ತೆರೆಯುತ್ತವೆ. ನಾನು ಸದಸ್ಯನಲ್ಲ, ಹೆಂಡತಿ ಸದಸ್ಯೆ. ಇಬ್ಬರೂ ಸಭೆಯ ವಂಶಾವಳಿ ಗ್ರಂಥಾಲಯವಿರುವ ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಹೋದೆವು. ವಿಮಾನ, ವಸತಿ ಸೇರಿ ಆರು ಸಾವಿರ ಡಾಲರ್ ದಾಟಿತು. ಅವಳು ಒಳಗೆ ಮೈಕ್ರೊಫಿಲ್ಮ್ ನೋಡಿ ಬರೆದುಕೊಳ್ಳುತ್ತಿದ್ದಳು, ನಾನು ಇನ್ನೊಂದು ಮಹಡಿಯಲ್ಲಿ ಕುಳಿತು ಜೋಡಿಸುತ್ತಿದ್ದೆ. ಆರನೆಯ ದಿನ ವಿರೆಮುವಿನ ಕಾರ್ಡು ಸಿಕ್ಕಿತು. ದೇವಾಲಯ ಹವಾಯಿಯ ಲಾಯಿಯೆ. ಅದು ತೆರೆದದ್ದು 1919ರಲ್ಲಿ. ನಮ್ಮ ಹ್ಯಾಮಿಲ್ಟನ್ ದೇವಾಲಯ ಬಂದದ್ದು 1958ರಲ್ಲಿ. ಅಲ್ಲಿಯವರೆಗೆ ಇಲ್ಲಿನವರು ಹಡಗು ಹತ್ತಿ ಹವಾಯಿಗೆ ಹೋಗಬೇಕಿತ್ತು. ವಾರಸುದಾರನ ಮುಂದೆ "ಮೊಮ್ಮಗ" ಎಂಬ ಅರ್ಥದ ಇಂಗ್ಲಿಷ್ ಪದವಿತ್ತು.

ಇಲ್ಲಿ ಎಡವಿದೆ. ವಿರೆಮುವಿಗೆ ಆ ಹೆಸರಿನ ಮೊಮ್ಮಗನೇ ಇರಲಿಲ್ಲ. ಊರಿಗೆ ಬಂದು ಹತ್ತು ತಿಂಗಳು ಈ ಮೊಮ್ಮಗನನ್ನು ಹುಡುಕಿದೆ. ಕೊನೆಗೆ ದಾರಿ ತೋರಿಸಿದ್ದು ಕನ್ನಡವೇ. ನಮ್ಮಲ್ಲಿ ದೊಡ್ಡಪ್ಪನೂ ಅಪ್ಪ, ಚಿಕ್ಕಪ್ಪನೂ ಅಪ್ಪ, ದೊಡ್ಡಪ್ಪನ ಮಗ ಅಣ್ಣ. ಮಾವೋರಿಯಲ್ಲೂ ಹಾಗೆಯೇ: ಮಾತುವಾ ಎಂದರೆ ತಂದೆಯೂ ಹೌದು, ತಂದೆಯ ಅಣ್ಣತಮ್ಮಂದಿರೂ ಹೌದು, ಮೊಕೊಪುನಾ ಎಂದರೆ ತನ್ನ ಮೊಮ್ಮಗನೂ ಹೌದು, ಅಣ್ಣನ ಮೊಮ್ಮಗನೂ ಹೌದು. ಗುಮಾಸ್ತ ಅದನ್ನು ಇಂಗ್ಲಿಷಿಗೆ ಇಳಿಸುವಾಗ ಅಣ್ಣನ ಮೊಮ್ಮಗ ಮೊಮ್ಮಗನಾಗಿಬಿಟ್ಟಿದ್ದ. ಇದು ನನಗೆ ಹೊಳೆದದ್ದು ಅಡುಗೆಮನೆಯಲ್ಲಿ, ಊರಿನ ಕರೆ ಬಂದಾಗ, ಮಗಳಿಗೆ "ನಿನ್ನ ದೊಡ್ಡಪ್ಪ ಮಾತಾಡುತ್ತಾರಂತೆ" ಎಂದು ಫೋನು ಕೊಡುವ ಹೊತ್ತಿನಲ್ಲಿ.

ಆ ವಾರಸುದಾರ ಅದೇ ದಿನ ಬೇರೆ ಯಾರ ಹೆಸರಿನಲ್ಲಿ ಸಂಸ್ಕಾರ ಮಾಡಿಸಿದ್ದಾನೆ ಎಂದು ಹುಡುಕಿಸಿದೆ. ಹದಿನಾಲ್ಕು ಹೆಸರು ಸಿಕ್ಕವು. ಕಾರ್ಡುಗಳು ಹೆಸರಿನ ಅಕ್ಷರಕ್ರಮದಲ್ಲಿರುವಾಗ ಒಂದೇ ದಿನದವನ್ನು ಹೇಗೆ ಬೇರ್ಪಡಿಸಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ನನ್ನ ಒಂದು ಚಳಿಗಾಲವೇ ಹೋಗಿದೆ. ಹದಿನಾಲ್ಕರಲ್ಲಿ ಐವರು ಒಡಹುಟ್ಟಿದವರು, ವಿರೆಮು ಮೂರನೆಯವನು.

ಇನ್ನು ಉಳಿದದ್ದು ಮಾವೋರಿ ಜಮೀನಿನ ಹಕ್ಕು ತೀರ್ಮಾನಿಸುವ ಭೂ ನ್ಯಾಯಾಲಯ. 1865ರಲ್ಲಿ ಶುರುವಾದ ಆ ನ್ಯಾಯಾಲಯದಲ್ಲಿ ಹಕ್ಕು ಕೇಳುವವರು ನಿಂತು ತಮ್ಮ ವಂಶವನ್ನು ಒಪ್ಪಿಸಬೇಕಿತ್ತು. ನಮ್ಮ ತಾಲ್ಲೂಕು ಕಚೇರಿಯ ವಂಶವೃಕ್ಷವನ್ನು ಬಾಯಲ್ಲಿ ಹೇಳಿದಂತೆ. ನೇಪಿಯರ್ ಕಡೆಯ ನಡಾವಳಿ ಪುಸ್ತಕಗಳನ್ನು ಪುಟ ಪುಟ ತಿರುವಿದೆ. ಒಂದು ಪುಟದಲ್ಲಿ ಐದು ಹೆಸರು, ಹಿರಿಯನಿಂದ ಕಿರಿಯನವರೆಗೆ. ಮೂರು ದೀಕ್ಷೆಗೆ ಮೊದಲಿನ ಹೆಸರು, ಎರಡು ಮಾತ್ರ ಕಾರ್ಡಿನಲ್ಲಿದ್ದ ಹೆಸರು, ಆದರೆ ಆ ಎರಡೂ ಅದೇ ಸ್ಥಾನಗಳಲ್ಲಿ. ಮಾವೋರಿಗಳಿಗೆ ಹಿರಿಕಿರಿಯರ ಕ್ರಮ ಎಂದರೆ ಅಧಿಕಾರದ ಕ್ರಮ, ಅದನ್ನು ತಪ್ಪಾಗಿ ಹೇಳಿದರೆ ಎದುರು ಪಕ್ಷದವರು ಬಿಡುತ್ತಿರಲಿಲ್ಲ. ಐವರ ಮೇಲೆ ತಂದೆಯ ಹೆಸರು ಸ್ಪಷ್ಟವಾಗಿ ಬರೆದಿತ್ತು. ಪುರಾವೆ ಅಲ್ಲ ಎಂದಿದ್ದವರಿಗೆ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಕಳುಹಿಸಿದೆ. ಇಬ್ಬರು ಒಪ್ಪಿದರು, ಒಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ.

ನಡುವೆ ನೆರೆಮನೆಯ ಸಮೋವಾದವರಿಗಾಗಿ ಅವರ ಗಾಫಾ, ಅಂದರೆ ವಂಶಾವಳಿಯನ್ನೂ ನೋಡಿದೆ. ಅಲ್ಲಿ 1892ರಲ್ಲಿ ದಿನರೇಖೆ ಬದಲಾಗಿ ಜುಲೈ 4 ಎರಡು ಸಲ ಬಂತು. ಅದರ ಆಸುಪಾಸಿನ ದಾಖಲೆಗಳಲ್ಲಿ ಒಂದು ದಿನದ ವ್ಯತ್ಯಾಸ ಕಂಡರೆ ಎರಡು ಮಕ್ಕಳೆಂದು ಎಣಿಸಬಾರದು. 1918ರ ನವೆಂಬರಿನಲ್ಲಿ ಆಕ್ಲೆಂಡಿನಿಂದ ಬಂದ ಹಡಗಿನ ಜೊತೆ ಇನ್‌ಫ್ಲುಯೆಂಜಾ ಇಳಿದು ಪಶ್ಚಿಮ ಸಮೋವಾದ ಐದರಲ್ಲಿ ಒಬ್ಬರು ಸತ್ತರು. ಅವರ ಮನೆತನದ ಎರಡು ಕವಲು ಆ ವರ್ಷಕ್ಕೇ ನಿಂತುಹೋಗಿವೆ. ಅಲ್ಲಿಂದ ಮೇಲಕ್ಕೆ ನನಗೆ ಹೋಗಲಾಗಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಮೊದಲ ಸಲ ಅತ್ತೆಯ ಮನೆಗೆ ಹೋದಾಗ ಪುಸ್ತಕವನ್ನು ಊಟದ ಮೇಜಿನ ಮೇಲೆ ಇಡಲು ಹೋದೆ, ಪಕ್ಕದಲ್ಲಿ ಚಹಾದ ಬಟ್ಟಲಿತ್ತು. ಅವರು ನನ್ನ ಕೈ ಹಿಡಿದು ತಡೆದರು. ಫಾಕಪಾಪ ತಾಪು, ಅಂದರೆ ಪವಿತ್ರ, ಆಹಾರದ ಹತ್ತಿರ ಅದನ್ನು ತೆರೆಯುವುದಿಲ್ಲ. ಮಡಿ ಮೈಲಿಗೆ ಕಂಡು ಬೆಳೆದ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮನೆತನ ಒಪ್ಪದೆ ಒಂದು ಹೆಸರನ್ನೂ ಅಂತರ್ಜಾಲದ ಮರಕ್ಕೆ ಏರಿಸಿಲ್ಲ, ಒಬ್ಬರ ಸಂಸ್ಕಾರಕ್ಕೂ ಕಳುಹಿಸಿಲ್ಲ. ನಮ್ಮೂರಿಗೆ ಬರುತ್ತಿದ್ದ ಹೆಳವರು ಎತ್ತಿನ ಮೇಲೆ ಕುಳಿತು ನಮ್ಮ ವಂಶ ಹೊಗಳುವಾಗ ಅಜ್ಜಿ ಮೊದಲು ಮೊರದ ತುಂಬ ಜೋಳ ತಂದಿಡುತ್ತಿದ್ದರು. ಕೇಳುವುದಕ್ಕೂ ಒಂದು ರೀತಿ ಇದೆ ಎಂಬುದನ್ನು ಅಲ್ಲೇ ಕಲಿತದ್ದು.

ಈಗ ವಿರೆಮುವಿನ ಹೆಂಡತಿ ಬಾಕಿ ಇದ್ದಾರೆ. ಮೆರೆ ಎಂಬುದಷ್ಟೇ ಗೊತ್ತು. ಅವರ ಕಾರ್ಡಿನ ವಾರಸುದಾರಳು ನೂಹಕ ಕಡೆಯ ಹೆಂಗಸು. ಮೇ ತಿಂಗಳಲ್ಲಿ ಅತ್ತೆಯನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇವೆ.